ತೆಗೆದದ್ದನ್ನು ಮುಚ್ಚದ ಮಾಮ

ಅದಿರಿನ ಭರಾಟೆಯ ಆ ವರ್ಷಗಳಲ್ಲಿ ಬಳ್ಳಾರಿಯ ಸುತ್ತಮುತ್ತ ತೆಗೆದದ್ದನ್ನು ಮುಚ್ಚದೆ ಬಿಟ್ಟವರು ಇಬ್ಬರೇ: ಒಬ್ಬರು ಗಣಿಯವರು, ಇನ್ನೊಬ್ಬರು ಗಾಂಧಿನಗರದ ನಮ್ಮ ಮಾಮ! ಗಣಿಯವರು ತೆಗೆದದ್ದು ಗುಂಡಿ, ಮಾಮ ತೆಗೆದದ್ದು ಕಂಪ್ಯೂಟರಿನಲ್ಲಿ ಟ್ಯಾಬು. ಇಂಟರ್ನೆಟ್ಟಿನಲ್ಲಿ ಏನನ್ನು ಓದಲು ತೆಗೆದರೂ ಅದು ತೆರೆದೇ ಇರಬೇಕು. ಅದರ ಪಕ್ಕ ಇನ್ನೊಂದು, ಮತ್ತೊಂದು. ನಾನು ಡಿಗ್ರಿ ಓದಲು ಅವರ ಮನೆಗೆ ಬಂದು ಸೇರಿದಾಗ ಪರದೆಯ ನೆತ್ತಿಯ ಮೇಲೆ ಟ್ಯಾಬುಗಳು ಸಂತೆ ದಿನದ ಬಸ್ಸಿನ ಜನರಂತೆ ಒತ್ತರಿಸಿ ನಿಂತಿದ್ದವು. ಹೆಸರು ಕಾಣಲೂ ಜಾಗವಿಲ್ಲ. ಮಾಮನಿಗೆ ಮಾತ್ರ ಯಾವುದು ಎಲ್ಲಿದೆ ಎಂಬುದು ಬಾಯಿಪಾಠ.

ಹಾಗಂತ ತೆರೆದಿಡುವುದು ಅವರ ಹುಟ್ಟುಗುಣ ಅಂದುಕೊಳ್ಳಬೇಡಿ. ನಾನು ಪುಸ್ತಕ ತೆರೆದಿಟ್ಟು ನೀರು ಕುಡಿಯಲು ಎದ್ದರೆ ಸಾಕು, ವಿದ್ಯೆ ಹಾರಿಹೋಗುತ್ತದೆ ಎಂದು ಬೈದು ಮುಚ್ಚುತ್ತಿದ್ದರು! ಗುಮಾಸ್ತರಾಗಿ ನಿವೃತ್ತರಾದವರು, ಫೈಲಿಗೆ ದಾರ ಕಟ್ಟದೆ ಕುರ್ಚಿ ಬಿಟ್ಟೇಳದಿದ್ದ ಆಸಾಮಿ. ಅಂಥವರ ಕಂಪ್ಯೂಟರು ಹಗಲೂ ರಾತ್ರಿ ದಿಣ್ಣೆ ಹತ್ತುವ ಲಾರಿಯಂತೆ ಏದುಸಿರು ಬಿಡುತ್ತಿತ್ತು. ಬಳ್ಳಾರಿಯ ಬೇಸಿಗೆಯಲ್ಲಿ ನಮ್ಮ ಫ್ಯಾನಿಗಿಲ್ಲದ ಯುಪಿಎಸ್ ಅದಕ್ಕಿತ್ತು.

ಓದುವುದಾದರೂ ಹೇಗೆ? ನಾಲ್ಕಾರು ಟ್ಯಾಬು ಒಟ್ಟೊಟ್ಟಿಗೆ! ಒಮ್ಮೆ ಹಚ್ಚೊಳ್ಳಿಯ ನೆಂಟರೊಬ್ಬರು ಬಂದು, ಭತ್ತದ ಎಲೆ ಹಳದಿ ತಿರುಗಿದೆ, ಏನು ಹಾಕಬೇಕು ನೋಡಿ ಹೇಳಿ ಎಂದರು. ಮಾಮ ಭತ್ತದಿಂದಲೇ ಶುರುಮಾಡಿದರು. ಆದರೆ ಯಾವ ಮಾಯದಲ್ಲೋ ಪಕ್ಕದ ಗಂಟಲುನೋವಿನ ಟ್ಯಾಬಿಗೆ ಜಾರಿ, ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕಿ ದಿನಕ್ಕೆ ಮೂರು ಸಲ ಎಂದು ಗಂಭೀರವಾಗಿ ಓದಿಬಿಟ್ಟರು. ನೆಂಟರು ಕೈಕಟ್ಟಿ ಕೇಳಿಸಿಕೊಂಡು, "ಐದು ಎಕರೆಕ್ಕ ನೀರು ಕಾಸಾಕ ಆಗೂದಿಲ್ರಿ" ಎಂದು ಎದ್ದು ಹೋದರು.

ನಾನಂತೂ ನಕ್ಕಿದ್ದೇ ನಕ್ಕಿದ್ದು. ಆ ನಗು ಒಂದು ಸಂಜೆ ನಿಂತಿತು. ಪರೀಕ್ಷೆಯ ಅರ್ಜಿ ತುಂಬಬೇಕಿತ್ತು, ಕಂಪ್ಯೂಟರು ಮಿಸುಕುತ್ತಿರಲಿಲ್ಲ. ಮಾಮ ಹೊರಗೆ ಹೋಗಿದ್ದರು. ಪುಣ್ಯದ ಕೆಲಸ ಎಂದುಕೊಂಡು ಟ್ಯಾಬುಗಳನ್ನು ಟಕಟಕ ಮುಚ್ಚತೊಡಗಿದೆ. ಅಷ್ಟರಲ್ಲಿ ಅವರು ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ನೋಡಿದ್ದು ಪರದೆಯನ್ನಲ್ಲ, ಗೋಡೆ ಗಡಿಯಾರವನ್ನು. ಮುಖ ಬಿಳಿಚಿಹೋಗಿತ್ತು.

"ಎಷ್ಟು ಮುಚ್ಚಿದಿ?"

"ಒಂದಿಪ್ಪತ್ತು, ಮಾಮಾ."

"ನಿಮ್ಮತ್ತಿ ಇನ್ನಾ ಬಸ್ಸಿನ್ಯಾಗ ಅದಾಳಲೇ," ಎಂದು ಕುಸಿದು ಕೂತರು.

ಅತ್ತೆ ಕುರುಗೋಡಿನಲ್ಲಿ ಟೀಚರು, ದಿನಾ ಬಸ್ಸಿನಲ್ಲಿ ಹೋಗಿ ಬರುವವರು. ದೊಡ್ಡ ರಸ್ತೆ ಕಿತ್ತುಹೋದ ಮೇಲೆ ಅದಿರಿನ ಲಾರಿಗಳು ಆ ದಾರಿಗೂ ನುಗ್ಗಿದ್ದವು. ಕೆಂಪು ಧೂಳಿನಲ್ಲಿ ಎದುರಿಗೆ ಬರುತ್ತಿರುವುದು ಲಾರಿಯೋ ಯಮನೋ ತಿಳಿಯುತ್ತಿರಲಿಲ್ಲ. ಕಂಪ್ಯೂಟರು ಬಂದ ವಾರವೇ ಆ ರಸ್ತೆಯಲ್ಲಿ ಲಾರಿ ಬಸ್ಸಿಗೆ ಗುದ್ದಿತೆಂಬ ಸುದ್ದಿ ಬಂದಿತ್ತಂತೆ. ಕೈಕಾಲು ಆಡದೆ ಮಾಮ ಕಣ್ಣಿಗೆ ಬಿದ್ದದ್ದನ್ನು ಒತ್ತಿದರು. ತೆರೆದದ್ದು ಪೆಂಗ್ವಿನ್ ಹಕ್ಕಿಯ ಪುಟ. ಅದನ್ನೇ ನೋಡುತ್ತ ಕೂತಿದ್ದಾಗ ಅತ್ತೆ ಒಳಗೆ ಬಂದರು. ಗುದ್ದಿಸಿಕೊಂಡದ್ದು ಬೇರೆ ಬಸ್ಸಂತೆ. ಮುಗಿಯಿತಲ್ಲ! ಇನ್ನು ಪೆಂಗ್ವಿನ್ನನ್ನು ಮುಚ್ಚುವ ಧೈರ್ಯ ಯಾರಿಗಿದೆ? ಅಂದಿನಿಂದ ಅತ್ತೆ ತಡಮಾಡಿದ ಒಂದೊಂದು ಸಂಜೆಗೂ ಒಂದೊಂದು ಟ್ಯಾಬು.

ಇಷ್ಟು ಹೆದರುವ ಬದಲು ಒಂದು ಫೋನ್ ಮಾಡಬಾರದೇ ಎಂದು ಕೇಳಿದೆ.

"ಮಾಡಿ, ಆಕಿ ಎತ್ತಲಿಲ್ಲಂದ್ರ?" ಎಂದರು.

ಹಾಳಾದ್ದು, ಅತ್ತೆ ಅವತ್ತೇ ಮುಕ್ಕಾಲು ಗಂಟೆ ತಡ! ಮಾಮ ಗಡಿಯಾರಕ್ಕೂ ಗೇಟಿಗೂ ಓಡಾಡಿದರೇ ಹೊರತು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಮುಚ್ಚಿದ ಇಪ್ಪತ್ತರಲ್ಲಿ ಯಾವುದು ಅತ್ತೆಯನ್ನು ಕಾಯುತ್ತಿತ್ತೋ ಎಂದು, ಕಾಲೇಜು ಓದುತ್ತಿದ್ದ ನಾನೂ ಯೋಚಿಸತೊಡಗಿದ್ದೆ. ಕೊನೆಗೆ ಅತ್ತೆ ಬಂದು, ಮುಖದ ಕೆಂಪು ತೊಳೆದು, ಎಲ್ಲ ಕೇಳಿ, "ಹಂಗಾರ ನನ್ನ ಜೀವ ಪೆಂಗ್ವಿನ್ ಹೊಟ್ಟ್ಯಾಗ ಐತಿ ಅನ್ನು" ಎಂದು ನಕ್ಕರು. ಆದರೆ ಅವರು ದಿನಾ ಚಪ್ಪಲಿ ಬಿಡುವ ಮೊದಲೇ ಗೇಟಿನಿಂದ "ಬಂದೀನ್ರಿ" ಎಂದು ಕೂಗುವುದು ಯಾರಿಗಾಗಿ ಎಂಬುದು ನನಗೆ ಆಗ ಗೊತ್ತಾಯಿತು.

ಡಿಗ್ರಿ ಮುಗಿಸಿ ನಾನು ಸಿರುಗುಪ್ಪದಲ್ಲಿ ಕೆಲಸಕ್ಕೆ ಸೇರಿದೆ. ಮಾಮನ ಮನೆಯಿಂದಲೇ ನನ್ನದೂ ದಿನಾ ಬಸ್ಸು. ಒಂದು ಸಂಜೆ ಸಿರಿಗೇರಿ ಕ್ರಾಸಿನ ಹತ್ತಿರ ಲಾರಿಯೊಂದು ರಸ್ತೆಗೆ ಅಡ್ಡ ಮಲಗಿ, ಎರಡು ತಾಸು ಕೂತಲ್ಲೇ ಕೂತೆವು. ಫೋನಿನಲ್ಲಿ ಚಾರ್ಜು ಇರಲಿಲ್ಲ. ಹಿಂದಿನ ಸೀಟಿನಲ್ಲಿ ಯಾರೋ ಆ ಲಾರಿಯ ಡ್ರೈವರ್ ಬದುಕಿಲ್ಲವಂತೆ ಎಂದರು. ಅಷ್ಟು ದಿನ ನಾನು ನಕ್ಕಿದ್ದ ಭಯ ಆಗ ನನ್ನ ಪಕ್ಕದಲ್ಲೇ ಬಂದು ಕೂತಿತ್ತು.

ಏಳೂವರೆಗೆ ಮನೆ ಮುಟ್ಟಿದೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನ ಕೈ ಹಿಡಿದು, ಒಳಗೆ ಹೋಗು ಎಂದು ಕಣ್ಣಿನಲ್ಲೇ ಹೇಳಿದರು. ಸಂಜೆ ಕರೆಂಟು ಹೋಗಿ, ಯುಪಿಎಸ್ಸೂ ಕೈಕೊಟ್ಟು, ಅಷ್ಟೂ ಟ್ಯಾಬು ಅಳಿಸಿಹೋಗಿದ್ದವು. ಪೆಂಗ್ವಿನ್ ಕೂಡ. ಆಗಷ್ಟೇ ಕರೆಂಟು ಬಂದಿತ್ತು. ಮಾಮ ಪರದೆಯ ಮುಂದೆ ಕೂತಿದ್ದರು. ನೆತ್ತಿಯ ಮೇಲೆ ಒಂದೇ ಒಂದು ಟ್ಯಾಬು.

"ಎಲ್ಲಾ ಹೋದ್ವಲ್ಲ ಮಾಮಾ, ಅತ್ತೀವು?"

ನನ್ನ ದನಿ ಕೇಳಿ ಅವರ ಭುಜ ಇಳಿಯಿತು. ತಿರುಗಿ ನೋಡಲಿಲ್ಲ.

"ನಿಮ್ಮತ್ತಿ ಮನ್ಯಾಗ ಅದಾಳ. ಇದು ನಿಂದು," ಎಂದರು.

ಒಂಟೆ ನೀರಿಲ್ಲದೆ ಎಷ್ಟು ದಿನ ಇರಬಲ್ಲದು ಎಂಬ ಪುಟ ಅದು. ಎಷ್ಟು ದಿನವಂತೆ ಎಂದು ಕೇಳಿದೆ. ಮೊದಲ ಸಾಲೂ ತಲೆಗೆ ಹತ್ತಲಿಲ್ಲ ಎಂದರು. ನನಗೆ ಅಳು ಬಂತು. ನನಗಾಗಿ ಒಬ್ಬರು ಇಷ್ಟು ಹೆದರಬಹುದು ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಆ ಪುಟವನ್ನು ಕೊನೆಯ ಸಾಲಿನವರೆಗೂ ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ.

ಮರುದಿನ ಸಿರುಗುಪ್ಪದ ಬಸ್ಸಿಗೆ ಹೊರಟವಳು, ಗೇಟಿನಿಂದ ವಾಪಸು ಬಂದು ನೋಡಿದೆ, ಒಂಟೆ ಇದೆಯೋ ಇಲ್ಲವೋ ಎಂದು.