ನಾಲ್ಕು ಬಗೆಯ ‘ಬೇಗ’

ಟ್ಯೂಷನ್ ಮೇಷ್ಟ್ರಾಗಿ ನನಗೆ ಸಲ್ಲಬೇಕಾದ ಕೂಲಿ ಇನ್ನೂ ಬಾಕಿ ಇದೆ. ಪಾಠಕ್ಕೊಂದು ಲೋಟ ಟೀ, ಅದೂ ಬೈಗುಳ ಬೆರೆಸದ್ದು ಎಂದು ಒಪ್ಪಂದವಾಗಿತ್ತು. ಟೀ ಬಂತು. ಬೈಗುಳವಿಲ್ಲದ್ದು ಒಂದೂ ಬರಲಿಲ್ಲ. ಇಲ್ಲಿ ಶಿಷ್ಯೆಯೂ ಮಾಲೀಕಳೂ ನನ್ನ ಹೆಂಡತಿಯೇ. ಮುಷ್ಕರ ಹೂಡೋಣವೆಂದರೆ ಊಟ ಅವಳ ಕೈಲಿದೆ.

ಅವಳು ಆಸ್ಪತ್ರೆಯಲ್ಲಿ ಆಯಾ. ಮೂರು ಮಹಡಿ ಹತ್ತಿ ಇಳಿದು ಮಂಡಿ ಸವೆದಿದೆ. ಸಂಜೆ ಬಂದವಳು ಹೊಸ್ತಿಲಲ್ಲೇ ಕುಸಿಯುತ್ತಾಳೆ. ನಾನು ಬಿಸಿನೀರಿನ ಚೀಲ ಹಿಡಿದು ಓಡುತ್ತೇನೆ (ಕಾರ್ಖಾನೆ ಯೂನಿಯನ್ನಿನ ಮುಷ್ಕರಗಳಲ್ಲಿ ಲಾಠಿಗೆ ಹೆದರಿಯೂ ಇಷ್ಟು ಓಡಿದವನಲ್ಲ). ಹೀಗಿರುವಾಗ ಕೆಳಗಿನ ವಿಚಾರಣೆ ಕೌಂಟರಿನಲ್ಲಿ ಒಂದು ಜಾಗ ಖಾಲಿಯಾಯಿತು. ಮೆಟ್ಟಿಲಿಲ್ಲದ ಕೆಲಸ. ಆದರೆ ಇಂಗ್ಲಿಷಿನಲ್ಲಿ ಮೌಖಿಕ ಪರೀಕ್ಷೆ.

“ಡಾಕ್ಟರು ಯಾವಾಗ ಬರ್ತಾರೆ ಅಂತ ಜನ ಕೇಳ್ತಾರಂತೆ. ಸೂನ್ ಅನ್ಬೇಕೋ ಶಾರ್ಟ್ಲಿ ಅನ್ಬೇಕೋ? ಎಲ್ಲಾ ಬೇಗ ಅಂತಲೇ ಅಲ್ವೇನ್ರೀ?”

ನನ್ನ ಇಂಗ್ಲಿಷು ಕಾರ್ಖಾನೆಯ ಗೇಟಿಗೆ ಅಂಟಿಸುತ್ತಿದ್ದ ನೋಟಿಸುಗಳಿಂದ ಬಂದದ್ದು. “ನೋಡು, ಬೋನಸ್ ಬರೋದು ಸೂನ್. ಮಾತುಕತೆಗೆ ಕರೆಯೋದು ಶಾರ್ಟ್ಲಿ. ನ್ಯಾಯ ಸಿಗೋದು ಇವೆಂಚುಯಲಿ. ಕೆಲಸದಿಂದ ತೆಗೆಯೋದು ಮಾತ್ರ ಇಮ್ಮೀಡಿಯೆಟ್ಲಿ.”

“ನಿಮ್ಮ ಇಂಗ್ಲಿಷಲ್ಲಿ ಏನೂ ಬರೋದೇ ಇಲ್ವಲ್ರೀ. ನಮ್ಮಲ್ಲಿ ಡಾಕ್ಟರು ನಿಜವಾಗ್ಲೂ ಬರ್ತಾರೆ.”

ಆಗ ಹೊಳೆಯಿತು ಮಹಾಯೋಜನೆ. ಘೋಷಣೆ ಕೂಗಿ ಕಲಿತದ್ದನ್ನು ಮರೆತವರನ್ನು ನಾನು ಕಂಡಿಲ್ಲ. ಒಂದೊಂದು ಪದಕ್ಕೂ ಕೈಯ ಒಂದೊಂದು ಎತ್ತರ ಗೊತ್ತುಮಾಡಿದೆ. ಕೈ ಸೊಂಟದ ಮಟ್ಟದಲ್ಲಿದ್ದರೆ ಇವೆಂಚುಯಲಿ, ಎಂದೋ ಒಂದು ದಿನ. ಎದೆಮಟ್ಟಕ್ಕೆ ಬಂದರೆ ಸೂನ್, ಬೇಗ ಹೌದು, ಆದರೆ ಗಡಿಯಾರ ನೋಡಬೇಡ. ಭುಜಕ್ಕೇರಿದರೆ ಶಾರ್ಟ್ಲಿ, ಇನ್ನೇನು ಬಂದರು, ಎದ್ದು ಹೋಗಬೇಡ. ಮುಷ್ಟಿ ತಲೆಯ ಮೇಲೆ ಹೋದರೆ ಇಮ್ಮೀಡಿಯೆಟ್ಲಿ, ಈ ಕ್ಷಣ. ಅಡುಗೆಮನೆಯಲ್ಲಿ ಅವಳು ಸೌಟೆತ್ತಿ ಒಂದು ಸಲ ಕೂಗುವುದು, ಹಿಂದಿನಿಂದ ನಾನು ಎರಡು ಸಲ ದನಿ ಕೊಡುವುದು. ಪಕ್ಕದ ಮನೆಯ ದರ್ಜಿ ಕಿಟಕಿ ಮುಚ್ಚಿಕೊಂಡ.

ಪರೀಕ್ಷೆಯ ದಿನ ನಾನೂ ಹೋಗಿ ಬಾಗಿಲಾಚೆಯ ಬೆಂಚಿನಲ್ಲಿ ಉಳಿದ ಆಯಾಗಳ ಜೊತೆ ಕೂತೆ. ಒಳಗೆ ಸೂಪರಿಂಟೆಂಡೆಂಟರು ಕೇಳಿದರು: ಮಗುವಿನ ಉಸಿರು ನಿಂತಿದೆ, ಡಾಕ್ಟರನ್ನು ಯಾವಾಗ ಕರೆಯುತ್ತೀಯ?

ನನ್ನವಳ ಕಂಠ ಮೊಳಗಿತು: “ಇಮ್ಮೀಡಿಯೆಟ್ಲಿ.”

ಏನು ಮಾಡಲಿ, ಸ್ವಾಮಿ. ಮುಂದಿನವರು ಕೂಗಿದರೆ ಹಿಂದಿನವರು ಸುಮ್ಮನಿರಬಾರದು, ಇದು ನನ್ನ ರಕ್ತಕ್ಕೆ ಇಳಿದುಬಿಟ್ಟಿದೆ. ಎದ್ದು ನಿಂತು ಮುಷ್ಟಿಯೆತ್ತಿ “ಇಮ್ಮೀಡಿಯೆಟ್ಲಿ, ಇಮ್ಮೀಡಿಯೆಟ್ಲಿ” ಎಂದು ಗರ್ಜಿಸಿದೆ. ಬೆಂಚಿನ ಆಯಾಗಳೂ ಎದ್ದು ದನಿಗೂಡಿಸಿದರು. ವಾರ್ಡಿನಿಂದ ನಡೆಯಬಲ್ಲ ರೋಗಿಗಳೆಲ್ಲ ಬಂದು ಸೇರಿಕೊಂಡರು (ಯಾಕೆಂದು ಅವರಿಗೂ ಗೊತ್ತಿರಲಿಲ್ಲ). ಸೂಪರಿಂಟೆಂಡೆಂಟರು ಬಿಳಿಚಿಕೊಂಡು ಹೊರಬಂದರು.

“ಯಾರಮ್ಮ ಈ ಮನುಷ್ಯ?”

ನನ್ನವಳು ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಮ್ಮ ಯಜಮಾನ್ರು ಸರ್. ಇಮ್ಮೀಡಿಯೆಟ್ಲಿ ಹೊರಗೆ ಹೋಗ್ತಾರೆ. ಶಾರ್ಟ್ಲಿ ಮನೆ ಸೇರ್ತಾರೆ. ಸೂನ್ ಅಡುಗೆ ಮಾಡಿ ಇಡ್ತಾರೆ. ಬುದ್ಧಿ ಇವೆಂಚುಯಲಿ ಬರುತ್ತೆ.”

ನಾಲ್ಕು ಪದವೂ ಸರಿಯಾಗಿ ಕೂತಿದ್ದವು; ಅವಳಿಗೆ ನಿಂತ ಜಾಗದಲ್ಲೇ ಕೆಲಸ ಸಿಕ್ಕಿತು. ನನಗೂ ಸಿಕ್ಕಿತು, ಆಸ್ಪತ್ರೆಯ ಗೇಟಿನೊಳಗೆ ಕಾಲಿಡಕೂಡದೆಂಬ ಆಜ್ಞೆ.

ಹೊಸ ಕೆಲಸದ ಮೊದಲ ಸಂಜೆ ಅವಳು ಚಪ್ಪಲಿ ಬಿಡಲೂ ಬಾಗಲಾರದೆ ಗೋಡೆ ಹಿಡಿದು ನಿಂತಳು.

“ಮೆಟ್ಟಿಲಿಲ್ಲ ನಿಜ. ಕುರ್ಚಿನೂ ಇಲ್ಲ ಕಣ್ರೀ. ಕೌಂಟರಲ್ಲಿರೋರು ದಿನವಿಡೀ ನಿಂತೇ ಇರ್ಬೇಕಂತೆ. ನೋಡೋಕೆ ಚೆನ್ನಾಗಿರುತ್ತಂತೆ.”

“ನಾಳೆ ಗೇಟಿನ ಮುಂದೆ ನಾನು...”

“ನೀವು ಬಾಯಿ ಬಿಟ್ರೆ ಇರೋ ಕೆಲ್ಸನೂ ಹೋಗುತ್ತೆ. ಕಾಲು ಒತ್ತಿ, ಸಾಕು.”

ಒತ್ತಿದೆ. ಮಂಡಿ ಊದಿ ಬನ್ನಿನಂತಾಗಿತ್ತು. ಒತ್ತುತ್ತಿರುವಾಗಲೇ ಅವಳು ನಿದ್ದೆ ಹೋದಳು.

ನಾನು ಒಳಗೆ ಹೋಗುವಂತಿಲ್ಲ, ಹೊರಗೆ ಕೂಗುವಂತಿಲ್ಲ. ನಿಮಗೆ ಆ ಅಡ್ಡಿಯಿಲ್ಲ. ನೀವು ಹೋಗುವ ಆಸ್ಪತ್ರೆಯಲ್ಲೂ ಅಂಥದ್ದೊಂದು ಕೌಂಟರಿದೆ, ಅದರ ಹಿಂದೆ ಒಬ್ಬಳು ನಿಂತಿದ್ದಾಳೆ. ಡಾಕ್ಟರು ಯಾವಾಗ ಬರುತ್ತಾರೆಂದು ಅವಳನ್ನು ಕೇಳುವ ಮೊದಲು, ಅವಳ ಮೇಲಿನವರನ್ನು ಕೇಳಿ: ಇವಳ ಕುರ್ಚಿ ಎಲ್ಲಿ? ಕೇಳುತ್ತೀರಾ, ಇಲ್ಲವಾ?