ಅದಕ್ಕೆ ಕುಡಿಸಬೇಕು

ಭಾನುವಾರ ಬೆಳಿಗ್ಗೆ ರಮ್ಮು ಮುಗಿದುಹೋಯಿತು. ಕನ್ನಡಕದಂಗಡಿಯವನು ಹುಟ್ಟಿದಂದಿನಿಂದ ಒಂದು ತೊಟ್ಟೂ ಕುಡಿದವನಲ್ಲ. ಆದರೂ ಬಾಟಲಿಯನ್ನು ತಲೆಕೆಳಗೆ ಮಾಡಿ, ಕೊನೆಯ ಹನಿಗೆ ಚಮಚ ಒಡ್ಡಿಕೊಂಡು ನಿಂತಿದ್ದ. ಕುಡಿಯಬೇಕಾಗಿದ್ದದ್ದು ಕೇಕು.

ಹಬ್ಬಕ್ಕೆ ಎರಡು ತಿಂಗಳಿರುವಾಗಲೇ ಹೆಂಡತಿ ಹಣ್ಣಿನ ಕೇಕು ಮಾಡಿ, ಬಟರ್ ಪೇಪರಿನಲ್ಲಿ ಸುತ್ತಿ, ತಗಡಿನ ಡಬ್ಬಿಗೆ ಹಾಕಿ ಬೀರುವಿನಲ್ಲಿಟ್ಟಿದ್ದಳು. ಆಮೇಲೆ ಅಕ್ಕನಿಗೆ ಹುಷಾರಿಲ್ಲವೆಂದು ಹೊರಟಳು. ಹೋಗುವಾಗ ಹೇಳಿದ್ದು ಎರಡೇ ಮಾತು. ಕೇಕು ಕೆಡದಿರಲು ಭಾನುವಾರ ಭಾನುವಾರ ಎರಡು ಚಮಚ ರಮ್ಮು ಕುಡಿಸಬೇಕು. ಮನೆಯಲ್ಲಿ ಕೇಕಿರುವುದು ಈ ಕಟ್ಟಡದಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಬಾರದು. ಹೋದ ವರ್ಷ ರುಚಿ ನೋಡಲು ಬಂದ ನೆರೆಹೊರೆಯವರು ಹಬ್ಬಕ್ಕೆ ಬರೀ ಡಬ್ಬಿ ಉಳಿಸಿದ್ದರು. ಈ ಸಲವೂ ಹಾಗಾದರೆ ಅಕ್ಕನ ಮನೆಯಲ್ಲೇ ಉಳಿದುಬಿಡುತ್ತೇನೆ ಎಂದಿದ್ದಳು. ಹೇಳಿದ್ದನ್ನು ಮಾಡಿಯೇ ತೀರುವ ಹೆಂಗಸು ಅವಳು.

ಪಾಪದವನು ಮುಖ ಮರೆಸಿಕೊಂಡು ಹೋಗಿ ಬಾಟಲಿ ತಂದ. ಮೆಟ್ಟಿಲಲ್ಲೇ ಸಿಕ್ಕಿದರು ಕೆಳಮನೆಯ ನಿವೃತ್ತ ನರ್ಸಮ್ಮ. ಯಾರ ಚೀಲವಾದರೂ ಸರಿ, ಕೇಳದೆ ಇಣುಕುವುದು ಆಕೆಯ ಹುಟ್ಟುಗುಣ.

"ಏನಪ್ಪಾ, ಹೆಂಡ್ತಿ ಇಲ್ಲ ಅಂತ ಶುರು ಹಚ್ಕೊಂಡ್ಯಾ?"

"ನನಗಲ್ಲ ನರ್ಸಮ್ಮ. ಮನೇಲಿದೆಯಲ್ಲ, ಅದಕ್ಕೆ ಕುಡಿಸ್ಬೇಕು."

"ಅದಕ್ಕಾ?"

"ಹೂಂ. ವಾರಕ್ಕೆ ಎರಡೇ ಚಮಚ. ಕುಡಿಸಿ, ಚೆನ್ನಾಗಿ ಸುತ್ತಿ, ಕತ್ತಲಲ್ಲಿಟ್ರೆ ಹಬ್ಬದವರೆಗೂ ಕೆಡಲ್ವಂತೆ. ಇವಳೇ ಹೇಳಿಹೋಗಿರೋದು."

ಕೇಕೆಂಬ ಮಾತೇ ಬಾಯಿಂದ ಬೀಳಲಿಲ್ಲವಲ್ಲ ಎಂದು ತನ್ನ ಜಾಣತನಕ್ಕೆ ತಾನೇ ಬೀಗುತ್ತ ಮೇಲೆ ಹೋದ. ನರ್ಸಮ್ಮ ಮಾತ್ರ ನಿಂತಲ್ಲೇ ನಿಂತರು. ಅವನನ್ನು ಬಿಟ್ಟರೆ ಆ ಮನೆಯಲ್ಲಿರುವ ಜೀವ ಒಂದೇ, ಮಂಡಿನೋವಿನ ಅತ್ತೆ.

ಅವನು ಕೇಕಿನ ಮೇಲೆ ರಮ್ಮು ಹನಿಸಿ, ಬೀರು ಮುಚ್ಚಿ, ಸ್ನಾನಕ್ಕೆ ಹೋದ. ಅಷ್ಟರಲ್ಲಿ ಸುದ್ದಿ ಮಹಡಿ ಹತ್ತಿತ್ತು. ಎರಡು ಚಮಚ ಮೊದಲ ಮಹಡಿಯಲ್ಲಿ ಎರಡು ಲೋಟವಾಯಿತು. ಸುತ್ತುವುದು ಎರಡನೆಯದರಲ್ಲಿ ಹಗ್ಗದಿಂದ ಕಟ್ಟುವುದಾಯಿತು. ಕುಡಿಸಿದ್ದನ್ನಾದರೂ ಕೆಲವರು ಕ್ಷಮಿಸುತ್ತಿದ್ದರೋ ಏನೋ, ಹೆತ್ತ ತಾಯಿಯಂಥ ಅತ್ತೆಯನ್ನು "ಅದು" ಅಂದನಲ್ಲ ಎಂದು ಎಲ್ಲರ ರಕ್ತ ಕುದಿಯಿತು.

ತಲೆ ಒರೆಸಿಕೊಳ್ಳುತ್ತ ಅವನು ಬಾಗಿಲು ತೆಗೆದರೆ ಎದುರಿಗೆ ಕಟ್ಟಡದ ಸಂಘದ ಕಾರ್ಯದರ್ಶಿ, ಬೆನ್ನಿಗೆ ಹತ್ತು ಜನ. ಹಿರಿಯರನ್ನು ಹೊರಗೆ ಕರೆಯಿರಿ ಎಂದು ಕಾರ್ಯದರ್ಶಿ ಗದರಿದರು. ಒಳಕೋಣೆಯಿಂದ ಕಿಲಕಿಲ ನಗು ಕೇಳಿಸಿತು. ಬಾಗಿಲು ತಳ್ಳಿದರೆ ಅತ್ತೆ ಮಂಚದ ಮೇಲೆ ಕೆಂಪು ಕೆನ್ನೆ ಮಾಡಿಕೊಂಡು, ಗೋಡೆಯ ಗಡಿಯಾರಕ್ಕೆ ಹಾಡು ಹೇಳಿಕೊಡುತ್ತಿದ್ದರು. ನರ್ಸಮ್ಮ ಬಗ್ಗಿ ಮೂಸಿ, ರಮ್ಮೇ ಎಂದು ತೀರ್ಪು ಕೊಟ್ಟರು. ಕಾರ್ಯದರ್ಶಿ ಪೊಲೀಸರಿಗೆ ಕರೆ ಮಾಡಲು ಫೋನು ತೆಗೆದರು.

ಅವನು ಲೆಕ್ಕ ಹಾಕಿದ. ಕೇಕಿನ ಗುಟ್ಟು ಬಿಡದಿದ್ದರೆ ಲಾಕಪ್ಪು, ಬಿಟ್ಟರೆ ಹೆಂಡತಿ ಬರುವುದಿಲ್ಲ. ಲಾಕಪ್ಪಿಗೆ ಹೋದರೂ ಅವಳು ಬರುವುದಿಲ್ಲವೆಂದು ಹೊಳೆದು, ಓಡಿಹೋಗಿ ಡಬ್ಬಿ ತಂದು ಮುಚ್ಚಳ ತೆಗೆದ. "ನೋಡಿ, ನಾನು ಕುಡಿಸ್ತಿದ್ದದ್ದು ಇದಕ್ಕೆ," ಎಂದು ಅಳುದನಿಯಲ್ಲಿ ಹೇಳಿದ.

ಕೇಕು ಮಿರಮಿರ ಮಿಂಚುತ್ತಿತ್ತು. ಜನರ ಸಿಟ್ಟೆಲ್ಲ ಇಳಿದು, ಯಾರೋ ಆಗಲೇ ಚಾಕು ಕೇಳಿದರು. ಎಲ್ಲರಿಗೂ ಕಾಣಲೆಂದು ಅವನು ಕೇಕನ್ನು ಎತ್ತಿದ. ಅದು ಟೋಪಿಯ ಹಾಗೆ ಹಗುರವಾಗಿ ಮೇಲೆ ಬಂತು. ಕೆಳಗಿನಿಂದ ಯಾರೋ ಅಚ್ಚುಕಟ್ಟಾಗಿ ಕೆರೆದು ಕೆರೆದು ಪೂರ್ತಿ ಟೊಳ್ಳು ಮಾಡಿದ್ದರು. ಡಬ್ಬಿಯ ತಳದಲ್ಲಿ ಒಂದು ಚಮಚ ಬಿದ್ದಿತ್ತು.

"ಡಬ್ಬೀಲಿದ್ರೆ ಕೆಟ್ಟುಹೋಗತ್ತೆ ಅಂತ ಹೊಟ್ಟೇಲಿಟ್ಕೊಂಡೆ," ಎಂದರು ಅತ್ತೆ ಮೆಲ್ಲಗೆ.

"ಹಾಗಾದ್ರೆ ನೀನು ಕುಡಿಸಿದ್ದು ನಿಜಾನೇ ಆಯ್ತಲ್ಲಪ್ಪ," ಎಂದರು ನರ್ಸಮ್ಮ.

ಆ ಹೊತ್ತಿಗೇ ಹೆಂಡತಿಯ ಫೋನು ಬಂತು. ಮೊದಲು ಕೇಳಿದ್ದೇ ಕೇಕು ಹೇಗಿದೆ ಎಂದು. ಅತ್ತೆ ಕಣ್ಣಲ್ಲಿ ನೀರು ತುಂಬಿಕೊಂಡು, ಹೇಳಬೇಡಿ ಎಂದು ತಲೆಯಾಡಿಸಿದರು. ಅವನು ಅವರನ್ನೊಮ್ಮೆ ನೋಡಿ, "ನಾನೇ ತಿಂದ್ಬಿಟ್ಟೆ ಕಣೇ," ಎಂದ.

ಆ ಕಡೆ ಅಳು ಶುರುವಾಯಿತು. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಫೋನು ಇಸಿದುಕೊಂಡು, ತುಂಬ ಗಂಭೀರವಾಗಿ ಹೇಳಿದರು: "ಅಳಬೇಡ ಮಗಳೇ. ಇಂಥವರ ಕೈಗೆ ಕೇಕು ಕೊಟ್ಟಿದ್ದೇ ನಿನ್ನ ತಪ್ಪು. ಇನ್ನೊಂದು ಮಾಡಿ ಕಳಿಸು, ಈ ಸಲ ಬೀರುವಿನ ಬೀಗದಕೈ ನನ್ನ ಹತ್ರಾನೇ ಇರ್ಲಿ."