ಕಾರಿಗೆ ಗುಡುಗು ಕೂರಿಸಿದ್ದು

ನಮ್ಮ ಕಾರಿಗೆ ಕಂಪನಿಯವರು ಕೊಟ್ಟಿದ್ದ ಸ್ಪೀಕರುಗಳ ಬಗ್ಗೆ ನಾನು ಕೆಟ್ಟ ಮಾತು ಆಡಬಾರದು. ಪಾಪದವು. ವಾರ್ತೆ ಹಾಕಿದರೆ ವಾರ್ತೆ ಕೇಳಿಸುತ್ತಿತ್ತು. ಹೆಣ್ಣುಧ್ವನಿ ಹೆಣ್ಣುಧ್ವನಿಯಾಗಿಯೇ ಇರುತ್ತಿತ್ತು. (ಗಂಡುಧ್ವನಿಯೂ ಹೆಣ್ಣುಧ್ವನಿಯಾಗಿಯೇ ಇರುತ್ತಿತ್ತು, ತಕರಾರು ಅಲ್ಲೇ ಶುರು.) ದೊಡ್ಡ ಡ್ರಮ್ಮಿನ ಸದ್ದಂತೂ ಬೆಂಕಿಪೆಟ್ಟಿಗೆಯೊಳಗೆ ಜೀರುಂಡೆ ಸಿಕ್ಕಿಕೊಂಡು ಒದ್ದಾಡಿದ ಹಾಗಿರುತ್ತಿತ್ತು.

ನನಗೆ ಬೇಕಾಗಿದ್ದುದು ಒಂದೇ ಒಂದು ಡ್ರಮ್ಮು. ನಾನು ಮೂವತ್ತನಾಲ್ಕು ವರ್ಷ ಭಾಷೆಯ ಪಾಠ ಹೇಳಿದ ಶಾಲೆಯಲ್ಲಿ ಒಬ್ಬ ಡ್ರಿಲ್ ಮಾಸ್ತರರಿದ್ದರು, ನನ್ನ ಪ್ರಾಣಮಿತ್ರರು. ಆಟೋಟದ ದಿನ ಅವರು ಆ ಡ್ರಮ್ಮನ್ನು ಹೊಟ್ಟೆಗೆ ಕಟ್ಟಿಕೊಂಡು ಏಟು ಹಾಕಿದರೆ ಸ್ಟಾಫ್ ರೂಮಿನ ಮೇಜಿನ ಮೇಲಿನ ಶಾಯಿ ಬಾಟಲಿ ತಾನಾಗಿಯೇ ನಡೆದುಕೊಂಡು ಹೋಗುತ್ತಿತ್ತು. ಅಂಥದೊಂದು ದಿನದ ಪಥಸಂಚಲನದ ಸದ್ದನ್ನು ನಾನೇ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದೆ. ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟವಳು ನನ್ನ ಹೆಂಡತಿ.

ಮಾಸ್ತರರಿಗೆ ಈಗ ಕಿವಿ ಮಂದ. ಮಗಳ ಊರಿಗೆ ಹೋಗಿ ನೆಲೆಸುವುದಕ್ಕೆ ಮೊದಲು ಒಂದು ಭಾನುವಾರ ನಮ್ಮಲ್ಲಿಗೆ ಬರುತ್ತೇನೆಂದು ಕಾಗದ ಬರೆದಿದ್ದರು. ಕೊನೆಯಲ್ಲೊಂದು ಸಾಲು: “ಸಣ್ಣ ಸದ್ದೆಲ್ಲ ಹೋಯಿತು ಪಂಡಿತ. ದೊಡ್ಡ ಸದ್ದಾದರೆ ಈಗಲೂ ಎದೆಯಲ್ಲಿ ಕೇಳುತ್ತದೆ.” (ಪಂಡಿತ ಎಂದರೆ ನಾನು. ಸಹೋದ್ಯೋಗಿಗಳ ರಜಾ ಅರ್ಜಿಯಲ್ಲೂ ವ್ಯಾಕರಣ ತಿದ್ದಿ ಸಂಪಾದಿಸಿದ ಬಿರುದು.)

ಆ ಸಾಲನ್ನು ಓದಿದ ಕ್ಷಣವೇ ಘೋರ ಪ್ರತಿಜ್ಞೆ ಮಾಡಿದೆ. ಆ ಭಾನುವಾರದೊಳಗೆ ನಮ್ಮ ಕಾರು ಗುಡುಗಬೇಕು. ಮಾಸ್ತರರ ಡ್ರಮ್ಮು ಮಾಸ್ತರರ ಎದೆಗೆ ಮುಟ್ಟಬೇಕು.

“ಮನೆಯಲ್ಲೇ ಹಾಕಿ ಕೇಳಿಸಬಾರದೇನ್ರೀ? ಕಾರೇ ಯಾಕೆ?” ಎಂದಳು ಹೆಂಡತಿ.

“ಕಾರಿನಲ್ಲಿ ಸದ್ದು ಮೈಗೆ ಹತ್ತಿರ ಕಣೇ. ಬಾಗಿಲು ಹಾಕಿದ್ರೆ ಅದು ಬೇರೆಲ್ಲಿಗೆ ಹೋಗುತ್ತೆ?”

“ನನ್ನ ತಲೆಗೆ ಹೋಗುತ್ತೆ. ಏನಾದ್ರೂ ಮಾಡ್ಕೊಳ್ಳಿ, ಡಿಕ್ಕಿಗೆ ಮಾತ್ರ ಕೈ ಹಚ್ಚಬೇಡಿ. ಅಲ್ಲಿ ಡಬ್ಬ ಗಿಬ್ಬ ಕೂರಿಸಿದ್ರೆ ನನ್ನ ಪರದೆ ಬಟ್ಟೆ ಗಂಟುಗಳನ್ನ ನಿಮ್ಮ ತೊಡೆ ಮೇಲೆ ಇಡ್ತೀನಿ, ನೋಡಿ.”

ಅವಳು ಮನೆಮನೆಗೆ ಪರದೆ ಹೊಲಿದುಕೊಡುವವಳು. ಕಾರಿನ ಆರ್‌ಸಿ ನನ್ನ ಹೆಸರಿನಲ್ಲಿದ್ದರೂ ಡಿಕ್ಕಿ ಪರರಾಜ್ಯ. ಗಡಿ ಒಪ್ಪಂದಕ್ಕೆ ತಲೆಬಾಗಿ, ಕಾರ್ ಸ್ಟೀರಿಯೋ ಅಂಗಡಿಗೆ ಹೋದೆ.

ಅಂಗಡಿಯಾಕೆ ಟೆಸ್ಟರನ್ನು ತುರುಬಿಗೆ ಸಿಕ್ಕಿಸಿಕೊಂಡು ಕಾರಿನ ಕೆಳಗಿನಿಂದ ತಲೆ ಹೊರಹಾಕಿದಳು.

“ಏನ್ ಬೇಕು ಅಂಕಲ್?”

“ಗಾಂಭೀರ್ಯ ಬೇಕಮ್ಮ.”

“ಬೇಸ್ ಅನ್ನಿ.”

ಅರ್ಧ ದಿನದಲ್ಲಿ ಮುಂದಿನ ಎರಡು ಬಾಗಿಲುಗಳಿಗೆ ಊಟದ ತಟ್ಟೆಯಷ್ಟು ಅಗಲದ, ಗಟ್ಟಿಮುಟ್ಟಾದ ಸ್ಪೀಕರುಗಳನ್ನು ಕೂರಿಸಿ, ಸೀಟಿನಡಿಗೆ ಒಂದು ಆಂಪ್ಲಿಫೈಯರ್ ತೂರಿಸಿ, ತನ್ನದೇ ಒಂದು ಹಾಡು ಹಾಕಿದಳು. ಕನ್ನಡಿ ಕಂಪಿಸಿತು. ನನ್ನ ಜೇಬಿನ ಪೆನ್ನು ಕುಣಿಯಿತು. ಮಾಸ್ತರರ ಡ್ರಮ್ಮನ್ನು ಮಾತ್ರ ನಾನು ಹಾಕಗೊಡಲಿಲ್ಲ. ಮೊದಲ ಏಟು ಅವರೆದುರಿಗೇ ಮೊಳಗಬೇಕು.

“ಒಳಗೆ ಕೈ ಹಾಕ್ಬೇಡಿ ಅಂಕಲ್, ಏನಿದ್ರೂ ನನ್ನ ಹತ್ರ ತನ್ನಿ,” ಎಂದು ಬೀಳ್ಕೊಟ್ಟಳು.

ಕೈ ಹಾಕುವ ಮನುಷ್ಯನೇ ಅಲ್ಲ ನಾನು. ಆದರೆ ಮನೆಗೆ ಬಂದ ಮೇಲೆ ಬಾಗಿಲು ಸದ್ದಿನ ಜೊತೆಗೆ ಗಡಗಡ ಎನ್ನತೊಡಗಿತು. ಒಳಗೊಂದು ಹಳೆಯ ಟವೆಲ್ಲು ತುರುಕಿದರೆ ಸರಿಹೋದೀತೆಂದು ಗುರುವಾರ ಬೆಳಿಗ್ಗೆ ಎರಡೂ ಬಾಗಿಲುಗಳ ಒಳಹಲಗೆ ಬಿಚ್ಚಿದೆ. ಬಿಚ್ಚಿದವನ ಕಣ್ಣಿಗೆ ಏನು ಬೀಳಬೇಕು! ಎಡಬಾಗಿಲಿನಲ್ಲಿ ಕಪ್ಪು ಗೆರೆಯ ವೈರು ಸ್ಪೀಕರಿನ ಎಡಕ್ಕಿದೆ. ಬಲಬಾಗಿಲಿನಲ್ಲಿ ಅದೇ ಗೆರೆಯ ವೈರು ಬಲಕ್ಕಿದೆ. ಸಾಲುಗಟ್ಟಿ ನಿಂತ ಹುಡುಗರಲ್ಲಿ ಒಬ್ಬ ಮಾತ್ರ ಹಿಂದಕ್ಕೆ ಮುಖ ಮಾಡಿದ್ದರೆ ಯಾವ ಉಪಾಧ್ಯಾಯ ಸುಮ್ಮನಿದ್ದಾನು? ಬಲಬಾಗಿಲಿನ ತಪ್ಪನ್ನು ತಿದ್ದಿದೆ. ಈಗ ಎರಡು ಕಡೆಯೂ ಗೆರೆ ಎಡಕ್ಕೆ. ಕೆಂಪು ಶಾಯಿಯಲ್ಲಿ ‘ನೋಡಿದೆ’ ಎಂದು ರುಜು ಹಾಕುವುದೊಂದು ಬಾಕಿ.

ಟವೆಲ್ಲು ತುರುಕಿ, ಹಲಗೆ ಮುಚ್ಚಿ ರೇಡಿಯೋ ಹಾಕಿದೆ. ಗಡಗಡ ನಿಂತಿತ್ತು. ಗುಡುಗೂ ನಿಂತಿತ್ತು!

ಧ್ವನಿ ಏರಿಸಿದೆ. ಹಾಡುವವಳ ಗಂಟಲು ಹರಿಯುವಂತಾಯಿತೇ ಹೊರತು ಡ್ರಮ್ಮಿನವನು ರಜೆ ಹಾಕಿ ಹೋದವನು ಬರಲಿಲ್ಲ. ಹಟ ಬಿಡಲಿಲ್ಲ ನಾನು. ಬೇಸ್ ಗುಂಡಿಯನ್ನು ತಿರುಪಿದಷ್ಟೂ ತಿರುಪಿದೆ. ಸೀಟು ಹಿಂದಕ್ಕೆ ತಳ್ಳಿ ಕೇಳಿದೆ, ಮುಂದಕ್ಕೆ ಎಳೆದು ಕೇಳಿದೆ. ಟವೆಲ್ಲಿನ ಮೇಲೆ ಅನುಮಾನ ಬಂದು ಅದನ್ನೂ ಕಿತ್ತೆ. ಶುಕ್ರವಾರವೆಲ್ಲ ಇದೇ ಕಸರತ್ತು.

“ಏನ್ರೀ, ಕಾರಿಗೂ ವಯಸ್ಸಾಯ್ತಾ?” ಎಂದು ಹೆಂಡತಿ ಕಿಟಕಿಯಿಂದ ಕೇಳಿದಳು.

ಶನಿವಾರ ಅವಳನ್ನೂ ಕೂರಿಸಿಕೊಂಡು ಅಂಗಡಿಗೆ ಹೋಗಿ, “ನಿನ್ನ ಕೆಲಸದಲ್ಲಿ ದೋಷವಿದೆಯಮ್ಮ” ಎಂದು ಗಂಭೀರವಾಗಿ ಹೇಳಿದೆ. ಅಂಗಡಿಯಾಕೆ ಬಲಬಾಗಿಲು ಬಿಚ್ಚಿ, ತುಸುಹೊತ್ತು ನೋಡಿ, ನನ್ನ ಕಡೆ ತಿರುಗಿದಳು.

“ಇದನ್ನ ಯಾರು ಮುಟ್ಟಿದ್ದು?”

ತರಗತಿಯಲ್ಲಿ ನಾನು ಸಾವಿರ ಸಲ ಕೇಳಿದ ಪ್ರಶ್ನೆ ಅದು. ಉತ್ತರ ಹೇಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

“ಸ್ವಲ್ಪ... ನೀಟು ಮಾಡಿದೆ.”

“ಅಂಕಲ್, ಎರಡು ಬಾಗಿಲೂ ಎದುರುಬದುರು. ಹಾಗಾಗಿ ಬಲಗಡೆ ಸ್ಪೀಕರ್ ಉಲ್ಟಾ ಕೂತಿರುತ್ತೆ, ವೈರೂ ಉಲ್ಟಾ ಇರಬೇಕು. ನೀವು ಬದಲಾಯಿಸಿದ್ರಿ. ಈಗ ಇದು ಮುಂದಕ್ಕೆ ತಳ್ಳಿದಾಗ ಅದು ಹಿಂದಕ್ಕೆ ಎಳೆಯುತ್ತೆ.” ಎರಡು ಅಂಗೈಗಳನ್ನು ಹಿಂದೆ ಮುಂದೆ ಆಡಿಸಿ ತೋರಿಸಿದಳು. “ಒಂದರ ಬೇಸನ್ನ ಇನ್ನೊಂದು ತಿಂದುಹಾಕುತ್ತೆ. ಸಣ್ಣ ಸದ್ದು ಮಾತ್ರ ಉಳಿಯುತ್ತೆ.”

“ಗೊತ್ತಾಯ್ತು ಬಿಡಮ್ಮ,” ಎಂದಳು ನನ್ನ ಹೆಂಡತಿ. “ನಮ್ಮ ಸಂಸಾರದ ವೈರಿಂಗೂ ಹೀಗೇ.”

ಎರಡು ನಿಮಿಷದಲ್ಲಿ ವೈರು ಬದಲಾಯಿತು, ಗುಡುಗು ಮರಳಿತು. ಗಡಗಡ ಎನ್ನುವ ಕಡೆಗೆ ಅಂಗಡಿಯಾಕೆಯೇ ದಪ್ಪನೆಯ ಹಾಳೆ ಅಂಟಿಸಿಕೊಟ್ಟಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದೆ.

ಭಾನುವಾರ ಬಂತು. ಮಾಸ್ತರರೂ ಬಂದರು. ಬೆನ್ನು ಅದೇ ನೇರ, ಮೀಸೆ ಮಾತ್ರ ಬಿಳಿ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ಹೆಂಡತಿ ಹಿಂದೆ ಕೂತಳು. ಕಿಟಕಿ ಗಾಜುಗಳನ್ನು ಏರಿಸಿ, “ತಯಾರಾ?” ಎಂದು ಕೈಸನ್ನೆ ಮಾಡಿ ಗುಂಡಿ ಒತ್ತಿದೆ.

ಧಡಲ್! ಧಡಲ್! ಧಡಲ್!

ಮಾಸ್ತರರ ಅಂಗೈ ತಾನಾಗಿ ಎದೆಯ ಮೇಲೆ ಹೋಯಿತು. ಕಣ್ಣು ಅಗಲವಾದವು. “ಪಂಡಿತ! ನಂದೇ ಕಣಯ್ಯ! ನಂದೇ ಕೈ!” ಎಂದು ಕೂಗಿದರು. ನನ್ನ ಕಣ್ಣು ಮಂಜಾಯಿತು. ಜೀವನ ಸಾರ್ಥಕ ಎಂದುಕೊಳ್ಳುವಷ್ಟರಲ್ಲಿ ಅವರ ಹುಬ್ಬು ಗಂಟಿಕ್ಕಿತು.

“ಇವನು ಯಾರಯ್ಯ, ಇನ್ನೊಬ್ಬ?”

“ಯಾವ ಇನ್ನೊಬ್ಬ?” ಎಂದು ಅವರ ಕಿವಿಗೆ ಕೂಗಿದೆ.

“ನನ್ನ ಏಟಿನ ಮಧ್ಯೆ ಯಾವನೋ ಧಪ್ ಧಪ್ ಅಂತಿದಾನಲ್ಲ! ಎಲ್ಲೋ ನಾಲ್ಕು ಸಲಕ್ಕೆ ಒಂದು ಸಲ ನನ್ನ ಜೊತೆ ಸೇರ್ತಾನೆ, ಅದೂ ಅಕಸ್ಮಾತ್ತು.”

ಕಿವಿಗೊಟ್ಟು ಕೇಳಿದೆ. ಹೌದು. ಹಳೆಯ ಸ್ಪೀಕರುಗಳಲ್ಲಿ ಈ ಧಪ್ ಎಂಬುದು ಇರಲೇ ಇಲ್ಲ.

“ಹುಡುಗರಲ್ಲಿ ಯಾರೋ ಇರಬೇಕು,” ಎಂದೆ.

ಹಿಂದಿನ ಸೀಟಿನಲ್ಲಿ ನಗು ಉಕ್ಕಿತು. “ಯಾವ ಹುಡುಗರೂ ಅಲ್ಲಣ್ಣ!” ಎಂದು ಹೆಂಡತಿ ಮಾಸ್ತರರ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದಳು. “ಅವತ್ತು ನಾನು ಮುಂದಿನ ಸಾಲಲ್ಲೇ ಕೂತಿದ್ದೆ. ಇವರು ವೇದಿಕೆ ಹಲಗೆ ಮೇಲೆ, ಎರಡು ಬೂಟಿನ ಮಧ್ಯೆ ಟೇಪ್ ರೆಕಾರ್ಡರ್ ಇಟ್ಕೊಂಡು, ಜೋರಾಗಿ ಕಾಲು ಕುಟ್ತಿದ್ರು. ಅದು ಇವರ ತಾಳ!”

ಮಾಸ್ತರರು ನನ್ನನ್ನೇ ದಿಟ್ಟಿಸಿದರು.

“ಹಾಗಾದ್ರೆ ಅವತ್ತು ಹುಡುಗರ ಹೆಜ್ಜೆ ತಪ್ಪಿ, ಎಂಟನೇ ತರಗತಿ ಸಾಲು ಒಂಬತ್ತರ ಮೇಲೆ ಹೋಗಿ ಬಿದ್ದದ್ದು...”

“ಇರಲಿ ಬಿಡಿ ಮಾಸ್ತರೇ, ಹಳೇ ಮಾತು,” ಎಂಬುದನ್ನೂ ಕೂಗಿಯೇ ಹೇಳಬೇಕಾಯಿತು.

“ಹಳೇ ಮಾತಾ? ಡ್ರಮ್ಮಿನವನಿಗೇ ತಾಳಜ್ಞಾನ ಇಲ್ಲ ಅಂತ ಹೆಡ್‌ಮಾಸ್ಟರು ಎಲ್ಲರ ಎದುರಿಗೆ ನನ್ನನ್ನ ಬೈದ್ರಲ್ಲಯ್ಯ! ನಾನೂ ಹಾಗೇ ಅಂತ ಇಷ್ಟು ವರ್ಷ ನಂಬಿದ್ದೆ. ಆ ಸಂಜೆ ನನ್ನ ಹೆಗಲ ಮೇಲೆ ಕೈ ಹಾಕಿ ‘ಯಾರಿಗಾದ್ರೂ ತಪ್ಪುತ್ತೆ, ಬೇಜಾರು ಮಾಡ್ಕೋಬೇಡಿ’ ಅಂತ ಸಮಾಧಾನ ಹೇಳಿದವನು ಯಾರು?”

ನಾನೇ. ತುಂಬ ಚೆನ್ನಾಗಿಯೇ ಹೇಳಿದ್ದೆ.

ಅವರು ಬೈಯುತ್ತಾರೆಂದು ತಲೆತಗ್ಗಿಸಿ ಕೂತೆ. ಬೈಯಲಿಲ್ಲ. ಮುಖದ ತುಂಬ ನಗು ಹರಡಿಕೊಂಡು, ಮೀಸೆ ತೀಡಿ, ಸೀಟ್ ಬೆಲ್ಟ್ ಎಳೆದು ಹಾಕಿಕೊಂಡರು.

“ಹೆಡ್‌ಮಾಸ್ಟರು ಈಗಲೂ ಕೆರೆ ಹಿಂದಿನ ಬೀದಿಯಲ್ಲೇ ಇದಾರಲ್ವ? ನಡಿ, ಗಾಡಿ ತೆಗಿ. ನಾಳೆ ನಾನು ಹೋಗೋದ್ರೊಳಗೆ ಅವರೂ ಇದನ್ನ ಕೇಳ್ಬೇಕು.”

“ಅವರಿಗೆ ತೊಂಬತ್ತಾಯಿತು ಮಾಸ್ತರೇ. ಕೇಳಿಸುತ್ತೋ ಇಲ್ಲವೋ...”

“ಎದೆಯಲ್ಲಿ ಕೇಳಿಸುತ್ತೆ. ಗಾಡಿ ತೆಗಿ.”

“ಗಾಜು ಇಳಿಸ್ರೀ,” ಎಂದಳು ಹೆಂಡತಿ, “ದಾರಿಯವರೂ ಕೇಳಲಿ.”

ಗಾಜು ಇಳಿಸಿದೆ, ಗಾಡಿ ತೆಗೆದೆ. ಬೀದಿಯ ಉದ್ದಕ್ಕೂ ಮಾಸ್ತರರ ಏಟು ಒಂದು ಕಡೆ, ನನ್ನ ಕಾಲು ಒಂದು ಕಡೆ. ಅಂಗಡಿಯಾಕೆಯ ಕೆಲಸದಲ್ಲಿ ಮಾತ್ರ ಎಳ್ಳಷ್ಟೂ ದೋಷವಿರಲಿಲ್ಲ. ನನ್ನ ಒಂದೊಂದು ತಪ್ಪೂ ಬಿಡಿಬಿಡಿಯಾಗಿ, ಗಾಂಭೀರ್ಯದಿಂದ ಕೇಳಿಸುತ್ತಿತ್ತು.